ನಾನು ಗೇಟು ತಲುಪಿದ್ದು

ಹಿಂದಿನ ತಿಂಗಳೆಲ್ಲ ನನಗೆ ಮನುಷ್ಯರೇ ಕಾಣಿಸಲಿಲ್ಲ, ಬರೀ ಗೇಟುಗಳು ಕಾಣಿಸಿದವು. ಶಿಡ್ಲಘಟ್ಟದ ನಮ್ಮ ಹೊಸ ಮನೆಗೆ ಬಣ್ಣ ಬಳಿದು ಮುಗಿದು, ‘ಇನ್ನು ಗೇಟೊಂದು ಬಾಕಿ, ಅದು ನಿನ್ನ ಖಾತೆ’ ಎಂದು ಯಜಮಾನರು ಘೋಷಿಸಿದ್ದೇ ತಡ, ಅಷ್ಟು ವರ್ಷ ಮಕ್ಕಳಿಗೆ ಸಂಧಿ ಸಮಾಸ ಕಲಿಸಿಕೊಂಡಿದ್ದ ಈ ಕನ್ನಡ ಮೇಡಂ ಏಕಾಏಕಿ ದ್ವಾರಶಾಸ್ತ್ರಪ್ರವೀಣೆಯಾಗಿಬಿಟ್ಟಳು. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಮಾತನಾಡಿಸಿದಾಗ ಅವರ ಹೆಸರು ಎಷ್ಟು ತಡಕಿದರೂ ಸಿಗಲಿಲ್ಲ. ‘ನಿಮ್ಮದು ಜೋಡಿ ನವಿಲಿನ ಗೇಟಲ್ಲವೇ?’ ಎಂದುಬಿಟ್ಟೆ. ಪಾಪ, ಅವರ ಮುಖ ಸಣ್ಣದಾಯಿತು.

ನೀವೂ ಒಮ್ಮೆ ಗೇಟು ಮಾಡಿಸಲು ಹೊರಟು ನೋಡಿ, ಊರು ಊರೇ ಹೊಸದಾಗಿ ಕಾಣುತ್ತದೆ. ಚಿಂತಾಮಣಿಯಲ್ಲಿ ಸಿಂಹಮುಖಗಳಿಗೆ ಮಾರುಹೋದೆ, ಗೌರಿಬಿದನೂರಿನಲ್ಲಿ ಸ್ಟೀಲ್ ಗೇಟೊಂದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಪಡಿಸಿಕೊಂಡೆ. ತೇಗದ್ದೇ, ಕಬ್ಬಿಣದ್ದೇ, ಮಡಚುವುದೇ, ಸರಿಸುವುದೇ ಎಂಬ ಜಿಜ್ಞಾಸೆಯಲ್ಲಿ ಊಟ ತಣ್ಣಗಾಗುತ್ತಿತ್ತು. ಪೆರೇಸಂದ್ರದಲ್ಲಿ ಒಂದು ಮನೆಯ ಗೇಟಿನ ಫೋಟೋ ತೆಗೆಯುತ್ತಿದ್ದಾಗ ಒಡತಿ ಸೆರಗು ಸರಿಮಾಡಿಕೊಂಡು ಬಂದು, “ಗಂಡಿನ ಕಡೆಯೋರಾ? ಒಳಗೆ ಬನ್ನಿ” ಎಂದರು. ಮದುವೆ ವಯಸ್ಸಿಗೆ ಬಂದ ಮಗಳಿದ್ದ ಮನೆಯಂತೆ. ನಿಜ ಹೇಳುವಷ್ಟರಲ್ಲಿ ಕಾಫಿ ಬಂದಿತ್ತು, ಕುಡಿದೇ ಎದ್ದೆ.

ಕೊನೆಗೆ ಆರಡಿ ಎತ್ತರದ ಅಖಂಡ ಕಬ್ಬಿಣದ ತಗಡು, ಅದರ ಮೈಮೇಲೆ ಬೆಸೆದ ಬಂಗಾರದ ಬಣ್ಣದ ಬಳ್ಳಿ ಎಂದು ತೀರ್ಮಾನವಾಯಿತು. ರಸ್ತೆಯಿಂದ ನೋಡಿದರೆ ಒಳಗಿನದೊಂದೂ ಕಾಣಬಾರದು, ಗೇಟಿನ ಗಾಂಭೀರ್ಯವೊಂದೇ ಕಾಣಬೇಕು. ಖುಷಿಗೆ ತರಗತಿಯ ಕಪ್ಪುಹಲಗೆಯ ಮೇಲೂ ಆ ಬಳ್ಳಿಯನ್ನು ಬರೆದೆ.

ಇಲ್ಲಿ ನಮ್ಮ ಅತ್ತೆಯವರ ವಿಷಯ ಹೇಳಬೇಕು. ಅವರ ಮನೆಮಾತು ತೆಲುಗು, ನಾನು ತುಮಕೂರು ಕಡೆಯವಳು. ಮದುವೆಯಾಗಿ ಬಂದ ದಿನ ಅವರು “ತಲುಪು ವೆಯ್ಯಮ್ಮಾ” ಎಂದರು. ಬಾಗಿಲು ಹಾಕಮ್ಮ ಎಂದರ್ಥ. ತೆಲುಗಿನ ತಲುಪು ಬಾಗಿಲೆಂದು ತಿಳಿಯದ ನಾನು, ಸುಖವಾಗಿ ಬಂದು ಸೇರಿದೆಯಾ ಎಂದು ಕೇಳುತ್ತಿದ್ದಾರೆಂದು ಭಾವಿಸಿ, ತಲೆ ತಗ್ಗಿಸಿ “ಆಗಲೇ ತಲುಪಿದೀನಿ ಅತ್ತೆ” ಎಂದೆ. ಬಾಗಿಲು ತೆರೆದೇ ಇತ್ತು. ಮನೆಮಂದಿ ಅಂದು ನಕ್ಕ ನಗು ಇನ್ನೂ ನಿಂತಿಲ್ಲ.

ಈಗ ಅತ್ತೆಗೆ ಮಂಡಿನೋವು, ರಸ್ತೆ ದಾಟಲಾರರು. ಸಂಜೆ ಜಗಲಿಯ ಕುರ್ಚಿಯಲ್ಲಿ ಕೂರುತ್ತಾರೆ. ಎದುರುಮನೆಯ ಫಾತಿಮಮ್ಮ ತಮ್ಮ ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತ ಕೂರುತ್ತಾರೆ. ನಡುವೆ ರೇಷ್ಮೆಗೂಡು ಹೊತ್ತ ಆಟೋಗಳ ಗದ್ದಲದಲ್ಲಿ ಮಾತು ಕೇಳಿಸದು. ಆದ್ದರಿಂದ ಇಬ್ಬರದೂ ಹಸ್ತಭಾಷೆ. ಅಂಗೈ ಬಟ್ಟಲಾಗಿ ತುಟಿಗೆ ಹೋದರೆ ಕಾಫಿ ಆಯಿತೇ, ಮಂಡಿ ತಟ್ಟಿದರೆ ನೋವು ಹೇಗಿದೆ. ಅದೇ ಅವರ ದಿನದ ಹಬ್ಬ.

ವೆಲ್ಡಿಂಗ್ ಅಂಗಡಿಯ ಚಲಪತಿ ಅಳತೆ ನೋಡಲೆಂದು ತಗಡನ್ನು ತಂದು ಗೇಟಿನ ಜಾಗಕ್ಕೆ ಅಡ್ಡ ನಿಲ್ಲಿಸಿದ್ದು ಅಂಥದೇ ಒಂದು ಸಂಜೆ. ನಾನು ರಸ್ತೆಯಲ್ಲಿ ನಿಂತು ಹಿಗ್ಗಿದೆ. ಒಳಗೆ ಬಂದು ನೋಡಿದರೆ, ಅತ್ತೆಯ ಅಂಗೈ ಅಭ್ಯಾಸಬಲದಿಂದ ತುಟಿಯವರೆಗೆ ಹೋಗಿ, ಮೆಲ್ಲನೆ ಮಡಿಲಿಗಿಳಿಯಿತು.

“ಇದಿ ತಲುಪಾ, ಗೋಡಾ?” ಎಂದರು. ಇದು ಬಾಗಿಲೋ, ಗೋಡೆಯೋ. ಆಕ್ಷೇಪಣೆಯೇನಲ್ಲ, ಸುಮ್ಮನೆ ಕೇಳಿದ್ದು. ನನಗೆ ನಾಚಿಕೆಯಾಯಿತು. ಇಷ್ಟೂರು ಸುತ್ತಿ ಇಷ್ಟು ಗೇಟು ನೋಡಿದವಳು ಈ ಕುರ್ಚಿಯಲ್ಲಿ ಕೂತು ಒಮ್ಮೆಯೂ ಹೊರಗೆ ನೋಡಿರಲಿಲ್ಲ.

“ಅರ್ಧಕ್ಕೆ ತಗಡು ಸಾಕು ಚಲಪತಿ, ಮೇಲೆ ಕಂಬಿ ಹಾಕಿ” ಎಂದೆ.

“ಲುಕ್ಕೇ ಹೋಗುತ್ತೆ ಮೇಡಂ” ಎಂದು ಆತ ಸಂಕಟಪಟ್ಟ. ಆದರೂ ಟೇಪು ಹಿಡಿದು ಕುರ್ಚಿಯಲ್ಲಿ ಕೂತ ಅತ್ತೆಯ ಕಣ್ಣಿನ ಮಟ್ಟ ಅಳೆದ. ರವಿಕೆಗೆ ಅಳತೆಯೇ ಎಂದು ಅತ್ತೆ ಗಾಬರಿಯಾದರು.

ಗೇಟು ಬಂತು. ಕೆಳಗೆ ಬಳ್ಳಿ, ಮೇಲೆ ಕಂಬಿ. ಮೊದಲ ಸಂಜೆ ರಸ್ತೆಯಾಚೆಯಿಂದ ಫಾತಿಮಮ್ಮನ ಅಂಗೈ ಬಟ್ಟಲಾಯಿತು, ಕಂಬಿಗಳ ನಡುವಿನಿಂದ ಅತ್ತೆಯದೂ. ಅಮ್ಮಾ ಎಂದು ನನ್ನನ್ನು ಹತ್ತಿರ ಕರೆದು, ಅಪರೂಪಕ್ಕೆ ಕನ್ನಡದಲ್ಲೇ ಅಂದರು, “ಈಗ ತಲುಪ್ದೆ ನೋಡು ನೀನು.”

ನಿನ್ನೆ ಅದೇ ಬಸ್ ನಿಲ್ದಾಣದಲ್ಲಿ ಆ ಸಹೋದ್ಯೋಗಿ ಮತ್ತೆ ಸಿಕ್ಕಿ, ನಿಮ್ಮ ಗೇಟು ತೋರಿಸಿ ಎಂದರು. ರಸ್ತೆಯಿಂದ ತೆಗೆದ ಫೋಟೋ ತೋರಿಸಿದೆ: ಎತ್ತಿದ ಕೈ, ನಗುವ ಅತ್ತೆ, ಮುಂದೆ ಏನೋ ಮಸುಕು ಮಸುಕು.

“ಗೇಟೇ ಕಾಣ್ತಿಲ್ವಲ್ಲ” ಎಂದರು.

“ಹೌದು ಸುಜಾತ, ಕಾಣಲ್ಲ” ಎಂದೆ. ಹೆಸರು ತಾನಾಗಿ ನೆನಪಿಗೆ ಬಂದಿತ್ತು.