ಒಂಬತ್ತನೆಯ ದಿನದ ಮದುವೆ

ಶನಿವಾರ ಬೆಳಗಿನ ಐದು ಗಂಟೆಯ ರೈಲಿಗೆ ಮಂಗಳೂರಿನಿಂದ ಹೊರಟೆ. ಎರ್ನಾಕುಲಕ್ಕೆ ನಾನೂರು ಕಿಲೋಮೀಟರಿನ ಮೇಲೆ ದಾರಿ. ಕುಳಿತು ಹೋಗುವ ಬೋಗಿಯ ಟಿಕೆಟಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಜೊತೆಗೆ ಇದ್ದದ್ದು ಎರಡು ಕ್ಯಾಮರಾ, ಮೂರು ಲೆನ್ಸ್, ಒಂದು ಟ್ರೈಪಾಡ್, ಮತ್ತೆ ನನ್ನ ತಮ್ಮ ಸತೀಶನ ಫೋನು. ಸತೀಶ ತೀರಿಕೊಂಡು ಅಂದಿಗೆ ಎಂಟನೆಯ ದಿನ.

ಬಂಟ್ವಾಳದಲ್ಲಿ ನಾವಿಬ್ಬರೂ ಸೇರಿ ಮದುವೆಗಳ ಫೋಟೋ ತೆಗೆಯುತ್ತಿದ್ದೆವು. ಫೋಟೋ ನನ್ನದು, ವಿಡಿಯೋ ಅವನದು. ಧಾರೆಯ ಹೊತ್ತಿಗೆ ನಾನು ಮದುಮಗಳ ಎದುರಿಗೆ ನಿಂತರೆ ಅವನು ಹಿಂದೆ ನಿಲ್ಲುತ್ತಿದ್ದ. ಇಲಿಜ್ವರ ಬಂದು ಐದೇ ದಿನಕ್ಕೆ ಹೋದ. ಮೂವತ್ತೊಂದು ವರ್ಷ. ಮದುವೆಯಾಗಿರಲಿಲ್ಲವಾದ್ದರಿಂದ ಕ್ರಿಯೆಗೆ ಅಪ್ಪನೇ ಕುಳಿತರು. ಹದಿಮೂರನೆಯ ದಿನದ ಬೊಜ್ಜ ಮುಗಿಯುವ ತನಕ ನಮಗೆ ಸೂತಕ. ಶುಭಕಾರ್ಯದ ಮನೆಗೆ ಕಾಲಿಡಬಾರದು. ನಾನು ಹೊರಟದ್ದು ಮದುವೆಗೆ.

ವಾರಿಜಕ್ಕನ ಮಗಳು ನಯನಾಳ ಮದುವೆ ಅದು. ಐದು ವರ್ಷದ ಹಿಂದೆ ಅವರ ಹಿರಿಯ ಮಗಳ ಮದುವೆಯ ಫೋಟೋ ತೆಗೆದವರೂ ನಾವೇ, ನೆಂಟಸ್ತಿಕೆ ಇಲ್ಲದಿದ್ದರೂ ಆ ಬಳಕೆ ಉಳಿದಿತ್ತು. ನಯನಾ ತಿರುವನಂತಪುರದಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಳು. ಗಂಡನಿಲ್ಲದ ವಾರಿಜಕ್ಕನೂ ಮಗಳ ಜೊತೆಗೇ ಇದ್ದರು. ಹುಡುಗ ಹರಿ, ಕೊಚ್ಚಿಯವನು, ಮಲಯಾಳಿ. ಭಾನುವಾರ ವೈಟ್ಟಿಲದ ಸಭಾಂಗಣದಲ್ಲಿ ಮದುವೆ, ಸೋಮವಾರ ಸಂಜೆ ತಿರುವನಂತಪುರದಲ್ಲಿ ರಿಸೆಪ್ಶನ್ ಎಂದು ಆರು ತಿಂಗಳ ಹಿಂದೆಯೇ ಸತೀಶ ಒಪ್ಪಿಕೊಂಡಿದ್ದ. ಅವನು ಹೋದ ಮೇಲೆ ನಾನು ಗುರುತಿನ ನಾಲ್ಕು ಜನ ಫೋಟೋಗ್ರಾಫರುಗಳಿಗೆ ಫೋನ್ ಮಾಡಿದೆ. ಒಳ್ಳೆಯ ಮುಹೂರ್ತ, ನಾಲ್ವರಿಗೂ ಬೇರೆ ಮದುವೆಗಳಿದ್ದವು. ವಾರಿಜಕ್ಕನಿಗೆ ಹೇಳಬೇಕೆಂದು ದಿನಾ ಸತೀಶನ ಫೋನ್ ಕೈಗೆತ್ತಿಕೊಳ್ಳುತ್ತಿದ್ದೆ. "ನೀವಿಬ್ಬರು ಇದ್ದರೆ ನನಗೆ ಧೈರ್ಯ" ಎಂಬ ಅವರ ಸಂದೇಶ ಅದರಲ್ಲಿತ್ತು. ಅದನ್ನು ಓದಿ ಫೋನ್ ಕೆಳಗಿಡುತ್ತಿದ್ದೆ. ಹಾಗೆಯೇ ಶುಕ್ರವಾರ ಬಂತು.

ಹೊರಡುವಾಗ ಅಪ್ಪ ಜಗಲಿಯಲ್ಲಿ ಎದ್ದು ಕುಳಿತಿದ್ದರು. ಸೂತಕ ಇಟ್ಟುಕೊಂಡು ಇನ್ನೊಬ್ಬರ ಮಕ್ಕಳ ಧಾರೆಯ ಹತ್ತಿರ ನಿಲ್ಲುತ್ತೀಯಾ ಎಂದು ಒಮ್ಮೆ ಕೇಳಿದರು. ನಾನು ಟ್ರೈಪಾಡ್ ಹೆಗಲಿಗೇರಿಸಿ ಅಂಗಳಕ್ಕಿಳಿದೆ.

ಕೋಯಿಕ್ಕೋಡಿನಲ್ಲಿ ಚಾ ಕುಡಿದು ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ತಿಂದೆ. ಎದುರಿಗೆ ಕುಳಿತಿದ್ದವರು ಟ್ರೈಪಾಡ್ ನೋಡಿ ಏನು ಕೆಲಸ ಎಂದು ಕೇಳಿದರು. ಹೇಳಿದೆ. ಅಷ್ಟು ಸಾಮಾನು, ಒಬ್ಬರೇ ಬಂದಿರಾ ಎಂದರು. ತಮ್ಮ ಮುಂದಿನ ಬೋಗಿಯಲ್ಲಿದ್ದಾನೆ ಎಂದೆ. ಯಾಕೆ ಹಾಗೆ ಹೇಳಿದೆನೋ ಇವತ್ತಿಗೂ ಗೊತ್ತಿಲ್ಲ. ಶೊರ್ನೂರಿನಲ್ಲಿ ಇಳಿಯುವಾಗ ಅವರು ತಮ್ಮನಿಗೂ ನಮಸ್ಕಾರ ತಿಳಿಸಿಬಿಡಿ ಎಂದು ಕೈಮುಗಿದು ಹೋದರು.

ಎರ್ನಾಕುಲಂ ತಲಪುವಾಗ ಎರಡು ಗಂಟೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಅಂಗಿ ಬೆನ್ನಿಗೆ ಅಂಟುವ ಸೆಕೆ. ಮೆಟ್ರೋ ಹಿಡಿದು ವೈಟ್ಟಿಲದಲ್ಲಿ ಇಳಿದೆ. ಸಭಾಂಗಣದ ಬಾಗಿಲಲ್ಲೇ ವಾರಿಜಕ್ಕ ಸಿಕ್ಕಿದರು. ಅವರ ಕಣ್ಣು ನನ್ನನ್ನು ದಾಟಿ ಹಿಂದೆ ಹುಡುಕಿತು.

"ಸತೀಶ ಎಲ್ಲಿ?"

"ಜ್ವರ, ಅಕ್ಕ."

ಹತ್ತು ದಿನದ ಹಿಂದೆಯಾಗಿದ್ದರೆ ಅದು ನಿಜವೇ ಆಗುತ್ತಿತ್ತು. ಡಾಕ್ಟರಿಗೆ ತೋರಿಸಿದ್ದಾನೋ, ಈಗಿನ ಜ್ವರವನ್ನು ಬಿಡಬಾರದು ಎಂದೆಲ್ಲ ಅವರು ಹೇಳುತ್ತಲೇ ಇದ್ದರು. ನಾನು ಹೂಂ ಎನ್ನುತ್ತ ಒಳಗೆ ಹೋದೆ. ಹೊಸಿಲಿನ ಹತ್ತಿರ ಕಾಲು ತಡೆಯಿತು. ಹಿಂದಿನಿಂದ ಕುರ್ಚಿ ಹೊತ್ತು ಬರುತ್ತಿದ್ದವನು ದಾರಿ ಬಿಡಿ ಎಂದ. ದಾಟಿದೆ.

ಆ ಸಂಜೆ ಪೂರ್ತಿ ನಾನು ಮುಖಗಳನ್ನು ನೋಡಿದ್ದೇ ಹೆಚ್ಚು. ನಮ್ಮೂರ ಕಡೆಯಿಂದ ವಾರಿಜಕ್ಕನ ಹನ್ನೆರಡು ಜನ ನೆಂಟರು ಬಂದಿದ್ದರು. ಅವರಲ್ಲಿ ಯಾರಿಗಾದರೂ ಬಂಟ್ವಾಳದ ಸುದ್ದಿ ತಲಪಿದ್ದರೆ? ಯಾರಾದರೂ ಇಬ್ಬರು ಪಿಸುಗುಟ್ಟಿದರೆ ನನ್ನ ಬಗ್ಗೆಯೇ ಎನಿಸುತ್ತಿತ್ತು. ಉಡುಪಿ ಕಡೆಯ ಒಬ್ಬ ಮುದುಕರು ಹತ್ತಿರ ಬಂದು ನಿಮ್ಮನ್ನು ಎಲ್ಲೋ ನೋಡಿದ್ದೇನೆ ಎಂದಾಗ ಕ್ಯಾಮರಾ ಕಣ್ಣಿಗೆ ಹಿಡಿದೆ. ಅವರು ನೆನಪಿಸಿಕೊಂಡದ್ದು ಯಾವುದೋ ಉಪನಯನವನ್ನು.

ಭಾನುವಾರ ಹನ್ನೊಂದರಿಂದ ಹನ್ನೊಂದೂಕಾಲರ ಒಳಗೆ ಮುಹೂರ್ತ. ಮಲಯಾಳಿ ಮದುವೆಗಳ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಸತೀಶ ಹೇಳಿದ್ದು. ಅವನು ಎರಡು ವರ್ಷ ಎರ್ನಾಕುಲಂನ ಸ್ಟುಡಿಯೋದಲ್ಲಿ ದುಡಿದಿದ್ದ. ನಮ್ಮಲ್ಲಿ ಹೋಮ, ಧಾರೆ, ಮಂತ್ರ ಎಂದು ಮೂರು ಗಂಟೆ ಸಿಗುತ್ತದೆ, ಒಂದು ತಪ್ಪಿದರೆ ಇನ್ನೊಂದು ಇರುತ್ತದೆ. ಅಲ್ಲಿ ಲೆನ್ಸ್ ಬದಲಿಸುವುದರೊಳಗೆ ಗಂಡಹೆಂಡತಿ ಆಗಿರುತ್ತಾರೆ ಎನ್ನುತ್ತಿದ್ದ. ಹುಡುಗನ ಸೋದರಮಾವ ಬೆಳಿಗ್ಗೆಯೇ ನನ್ನ ಭುಜ ತಟ್ಟಿ, ಮಲಯಾಳ ಬೆರೆಸಿದ ಕನ್ನಡದಲ್ಲಿ ತಮಾಷೆ ಮಾಡಿದರು.

"ಮೋನೇ, ಇವಿಡೆ ಹೊಗೆ ಇಲ್ಲ, ಹೋಮ ಇಲ್ಲ. ಕಣ್ಣು ಮುಚ್ಚಬೇಡ. ಮುಚ್ಚಿದರೆ ನಿನಗೆ ಸದ್ಯ ಮಾತ್ರ ಸಿಗುತ್ತದೆ."

ಇವಿಡೆ ಎಂದರೆ ಇಲ್ಲಿ, ಸದ್ಯ ಎಂದರೆ ಊಟ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಂಟಪದಲ್ಲಿ ಎತ್ತರದ ದೀಪ, ಪರೆ ಎಂಬ ಭತ್ತ ತುಂಬಿದ ಅಳತೆಯ ಪಾತ್ರೆ, ಅದರಲ್ಲಿ ನೆಟ್ಟ ತೆಂಗಿನ ಹಿಂಗಾರ. ಮದುಮಗಳ ಹಿಂದೆ, ಸತೀಶ ನಿಲ್ಲುತ್ತಿದ್ದ ಜಾಗದಲ್ಲಿ, ಟ್ರೈಪಾಡ್ ಇಟ್ಟು ಅವನ ಕ್ಯಾಮರಾ ಚಾಲೂ ಮಾಡಿದೆ. ಎದುರಿಗೆ ಬಂದು ಮಂಡಿಯೂರಿದೆ. ಮದುವೆಯ ಫೋಟೋ ತೆಗೆಯತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ಇಷ್ಟು ಜನರಲ್ಲಿ ಈ ದೀಪದ ಮೂರಡಿ ಹತ್ತಿರ ಇರಬಾರದವನು ನಾನೊಬ್ಬನೇ, ಎಲ್ಲರಿಗಿಂತ ಹತ್ತಿರ ಇರುವವನೂ ನಾನೇ ಎಂಬುದು ತಲೆಯಿಂದ ಹೋಗಲಿಲ್ಲ.

ನಾದಸ್ವರ ಏರಿತು. ಹರಿ ತಾಳಿಯ ಸರವನ್ನು ನಯನಾಳ ಕೊರಳಿಗೆ ತಂದ. ಅವನ ತಂಗಿ ಹಿಂದಿನಿಂದ ಜಡೆ ಎತ್ತಿ ಹಿಡಿದಿದ್ದಳು. ಸರದ ಕೊಕ್ಕೆ ಸಿಕ್ಕಿಕೊಳ್ಳಲಿಲ್ಲ. ಒಂದು ತುದಿ ಅವನ ಬೆರಳಿನಿಂದ ಜಾರಿ ನಯನಾಳ ಹೆಗಲ ಮೇಲಿಂದ ಎದೆಗೆ ಇಳಿಯಿತು. ಅವಳ ಕಣ್ಣು ಅಗಲವಾಯಿತು, ಕೈ ಎದೆಗೆ ಹೋಯಿತು. ತಂಗಿ ಸರಕ್ಕನೆ ತುದಿ ಹಿಡಿದೆಳೆದು ಕೊಕ್ಕೆ ಹಾಕಿದಳು. ಎರಡು ಸೆಕೆಂಡು. ಅಷ್ಟರಲ್ಲಿ ಹೂವಿನ ಎಸಳು ಬೀಳತೊಡಗಿದ್ದವು. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಎದುರಿನ ಸಾಲಿನಲ್ಲಿ ವಾರಿಜಕ್ಕ ಕಣ್ಣು ಮುಚ್ಚಿ ಕೈಮುಗಿದಿದ್ದರು. ನನ್ನ ಬೆರಳು ಮಾತ್ರ ಅಭ್ಯಾಸಬಲದಿಂದ ಒತ್ತುತ್ತಲೇ ಇತ್ತು.

ಕೊಕ್ಕೆ ಸಣ್ಣದು, ಅವನ ಬೆರಳು ಬೆವತಿತ್ತು, ಅಷ್ಟೇ ಎಂದು ಹೇಳಿಕೊಂಡೆ. ಊಟಕ್ಕೆ ಕುಳಿತಾಗ ಎಲೆಯ ಮೇಲೆ ಇಪ್ಪತ್ತು ಬಗೆ ಇದ್ದವು. ನಾಲ್ಕು ತುತ್ತು ಅನ್ನ ಮತ್ತು ಮಜ್ಜಿಗೆಹುಳಿಯಂಥ ಪುಳಿಶೇರಿ ಉಂಡು ಎದ್ದೆ.

ಊಟದ ಮೇಲೆ ಜೋಡಿಯ ಫೋಟೋ ತೆಗೆಯುವಾಗ ನಯನಾಳೇ ಕೇಳಿದಳು. "ಗಣೇಶಣ್ಣ, ಅದು ಜಾರಿದ್ದು ಬಂತಾ?" ತೋರಿಸಿದೆ. ಅವಳಿಗೆ ನಗು ತಡೆಯಲಿಲ್ಲ. ಹರಿಗೂ ತೋರಿಸಿದಳು. ಅವನು ಕೊಕ್ಕೆಯ ಡಿಸೈನೇ ಸರಿಯಿಲ್ಲ ಎಂದು ಎಂಜಿನಿಯರಂತೆ ವಾದಿಸಿದ.

"ಇದು ನಂಗೆ ಬೇಕು, ಡಿಲೀಟ್ ಮಾಡ್ಬೇಡಿ ಆಯ್ತಾ. ಅಮ್ಮನಿಗೆ ಮಾತ್ರ ಬೇಡ. ನೋಡಿದ್ರೆ ನನ್ನನ್ನು ಮೂರು ದೇವಸ್ಥಾನ ಸುತ್ತಿಸ್ತಾರೆ."

ಅವಳ ಪಾಲಿಗೆ ಅದು ತಮಾಷೆಯ ಫೋಟೋ. ಎದುರಿಗಿದ್ದವನು ಸೂತಕದಲ್ಲಿದ್ದ ಎಂದು ಅವಳಿಗೆ ಗೊತ್ತಿರಲಿಲ್ಲ.

ಮದುಮಕ್ಕಳು ಹರಿಯ ಮನೆಗೆ ಹೋದರು. ಹೆಣ್ಣಿನ ಕಡೆಯವರೂ ನಾನೂ ಮೂರು ಗಂಟೆಗೆ ಬಸ್ಸಿನಲ್ಲಿ ತಿರುವನಂತಪುರಕ್ಕೆ ಹೊರಟೆವು. ಇನ್ನೂರು ಕಿಲೋಮೀಟರಿನ ದಾರಿ, ಉದ್ದಕ್ಕೂ ಹೆದ್ದಾರಿಯ ಕೆಲಸ. ಆಲಪ್ಪುಳ ದಾಟಲಿಕ್ಕೇ ಎರಡು ಗಂಟೆ ಹಿಡಿಯಿತು. ವಾರಿಜಕ್ಕ ನನ್ನ ಪಕ್ಕದಲ್ಲೇ ಕುಳಿತರು. ಗಂಡ ತೀರಿಕೊಂಡಾಗ ನಯನಾಗೆ ಒಂಬತ್ತು ವರ್ಷ, ಅವರಿಗೆ ಹೃದಯದ ತೊಂದರೆ ಇತ್ತು, ಬಸ್ ಸ್ಟಾಂಡಿನಲ್ಲೇ ಆಯಿತು ಎಂದು ಹೇಳಿದರು. ತಾಳಿ ಕಟ್ಟುವಾಗ ಕಣ್ಣು ಬಿಡಲು ತನಗೆ ಧೈರ್ಯ ಬರಲಿಲ್ಲವಂತೆ. ಕೊಲ್ಲಂ ಹತ್ತಿರ ಅವರು ಯಾರಿಗೋ ಫೋನ್ ಮಾಡಿದರು. ನನ್ನ ಮಡಿಲಿನ ಚೀಲದೊಳಗೆ ಸತೀಶನ ಫೋನು ಶಬ್ದವಿಲ್ಲದೆ ನಡುಗಿತು. ಎತ್ತುವುದಿಲ್ಲ, ಮಲಗಿದ್ದಾನೋ ಏನೋ ಎಂದರು ವಾರಿಜಕ್ಕ. ನಾನು ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕಿಟಕಿಯಾಚೆ ನೋಡಿದೆ. ರಾತ್ರಿಗೆ ತಿರುವನಂತಪುರದ ತಂಪಾನೂರಿನ ಲಾಡ್ಜಿನಲ್ಲಿ ನನಗೆ ಕೋಣೆ ಹಿಡಿದಿದ್ದರು.

ಸೋಮವಾರ ಹತ್ತು ಗಂಟೆಗೆ ಅವರ ಬಾಡಿಗೆ ಮನೆಗೆ ಹೋದೆ. ಸಂಜೆಯ ಕಾರ್ಯಕ್ರಮದ ಪಟ್ಟಿ ತೆಗೆದುಕೊಳ್ಳಬೇಕಿತ್ತು. ನಾನು ಸಿಟ್‌ಔಟಿನ ಕುರ್ಚಿಯಲ್ಲೇ, ಹೊಸಿಲು ದಾಟದೆ, ಕುಳಿತೆ. ವಾರಿಜಕ್ಕ ಕರಿಮೆಣಸು, ಶುಂಠಿ ಹಾಕಿ ಕಾಯಿಸಿದ ಕಷಾಯವನ್ನು ಬಾಟಲಿಯಲ್ಲಿ ತುಂಬಿಸಿ ತಂದರು. ಸತೀಶನಿಗೆ.

"ನಿನ್ನೆಯಿಂದ ಮೂರು ಸಲ ಫೋನ್ ಮಾಡಿದೆ ಮಾರಾಯ. ರಿಂಗ್ ಆಗ್ತದೆ, ಎತ್ತುವುದಿಲ್ಲ. ನಂಗೆ ಯಾಕೋ ಹೆದರಿಕೆ ಆಗ್ತದೆ. ಅಪ್ಪನ ನಂಬರ್ ಕೊಡು."

ಬಾಟಲಿ ಕೈಯಲ್ಲಿ ಬಿಸಿಯಾಗಿತ್ತು. ಇನ್ನು ಮುಚ್ಚಿಡಲು ಸಾಧ್ಯವಾಗಲಿಲ್ಲ.

"ಸತೀಶ ಇಲ್ಲ ಅಕ್ಕ," ಎಂದೆ. "ಹೋದ ಶನಿವಾರಕ್ಕೆ ಮುಂಚಿನ ಶನಿವಾರ ಹೋದ."

ಅವರು ಮೆಟ್ಟಿಲ ಮೇಲೆ ಕುಳಿತರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಹೇಗೆ, ಏನು ಎಂದು ಕೇಳಿ ತಿಳಿದುಕೊಂಡರು. ಅಯ್ಯೋ ಅಷ್ಟು ನಗಿಸ್ತಿದ್ದ ಮಗ ಎಂದರು. ನಾನೂ ಅತ್ತೆ. ಮನೆಯಲ್ಲಿ ಅಪ್ಪನ ಎದುರಿಗೆ ಅಳಲು ಆಗಿರಲಿಲ್ಲ. ಆಮೇಲೆ ಅವರ ಅಳು ನಿಂತಿತು. ಹೆಬ್ಬೆರಳು ಬೇರೆ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುವುದನ್ನು ನೋಡಿದೆ. ಅವರು ದಿನ ಎಣಿಸುತ್ತಿದ್ದರು. ಒಂಬತ್ತರಲ್ಲಿ, ಮದುವೆಯ ದಿನಕ್ಕೆ, ನಿಂತಿತು.

"ತಾಳಿ ಕಟ್ಟುವಾಗ ನೀನು ಹತ್ತಿರ ಇದ್ದಿ. ಎಂತಾದ್ರೂ ಆಯ್ತಾ?"

"ಎಂತ ಇಲ್ಲ ಅಕ್ಕ."

"ಫೋಟೋ ತೋರ್ಸು."

ಕ್ಯಾಮರಾ ತೆಗೆದೆ. ಹರಿ ಸರ ಹಿಡಿದು ಬಾಗಿರುವ, ನಯನಾ ತಲೆ ತಗ್ಗಿಸಿ ನಗುತ್ತಿರುವ ಚಿತ್ರ ಹುಡುಕಿ ತೋರಿಸಿದೆ. ಚೆನ್ನಾಗಿ ಬಂದಿತ್ತು. ಅವರು ತುಂಬ ಹೊತ್ತು ನೋಡಿದರು. ಮುಂದಿನದು ಎಂದರು. ಅದರ ಮುಂದಿನದರಲ್ಲೇ ಸರ ಜಾರಿತ್ತು. ನಾನು ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ. ಹರಿ ತಟ್ಟೆಯಿಂದ ತಾಳಿ ಎತ್ತುವುದು, ಇಬ್ಬರೂ ದೀಪ ಸುತ್ತಿ ಬರುವುದು, ಹೀಗೆ ಮದುವೆಯನ್ನು ಹಿಂದುಮುಂದಾಗಿ ತೋರಿಸುತ್ತ ಹೋದೆ. ಅವರು ಚಿತ್ರ ನೋಡುವುದನ್ನು ನಿಲ್ಲಿಸಿ ನನ್ನ ಹೆಬ್ಬೆರಳನ್ನು ನೋಡುತ್ತಿದ್ದರು. ಸಾಕು ಎಂದರು.

ಹೇಳದೆ ಬಂದದ್ದು ಯಾಕೆ ಎಂದು ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ ಎಂದಷ್ಟೇ ಹೇಳಿದರು. ರಿಸೆಪ್ಶನಿನಲ್ಲಿ ಮಂತ್ರ ಇಲ್ಲ, ದೀಪ ಇಲ್ಲ, ಹಾಗಾಗಿ ಬಾ. ನಯನಾಗೆ, ಹರಿಯ ಮನೆಯವರಿಗೆ ಹೇಳಬೇಡ, ಅವರಲ್ಲೂ ಸೂತಕ ಉಂಟು, ಪುಲ ಅಂತಾರೆ. ಇಷ್ಟು ಹೇಳಿ ಒಳಗೆ ಹೋಗಲು ಎದ್ದವರು ತಿರುಗಿದರು.

"ಅವಳನ್ನು ಮುಟ್ಬೇಡ ಗಣೇಶ. ಸೆರಗು ಸರಿಮಾಡ್ಲಿಕ್ಕೆಲ್ಲ ಹೋಗ್ಬೇಡ. ಬೇಜಾರು ಮಾಡ್ಬೇಡ."

ಸಂಜೆ ಆರರಿಂದ ಒಂಬತ್ತರ ತನಕ ರಿಸೆಪ್ಶನ್. ನಯನಾಳ ಆಫೀಸಿನವರು, ಅಲ್ಲಿಯ ಕಾಲೇಜುಗಳಲ್ಲಿ ಓದುವ ಕಾಸರಗೋಡಿನ ಹುಡುಗಿಯರು, ಒಟ್ಟು ಇನ್ನೂರು ಜನ. ನಮ್ಮ ಕೆಲಸದಲ್ಲಿ ಗದ್ದ ಎತ್ತುವುದು, ಬಳೆ ಕಾಣುವಂತೆ ಕೈ ತಿರುಗಿಸುವುದು ಎಲ್ಲ ಸಾಮಾನ್ಯ. ನಾನು ದೂರದಿಂದಲೇ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಬಾಯಲ್ಲೇ ಹೇಳಿದೆ. ನಯನಾಳ ಸೆರಗಿನ ಮಡಿಕೆ ಒಂದು ಕಡೆ ಜಾರಿತ್ತು, ನೋಡುತ್ತ ನಿಂತೆ. "ಎಂತ ಗಣೇಶಣ್ಣ, ಇವತ್ತು ಕೊಚ್ಚಿಯಿಂದಲೇ ಫೋಟೋ ತೆಗಿತೀರಾ?" ಎಂದು ಅವಳು ಚುಡಾಯಿಸಿದಳು. ವಾರಿಜಕ್ಕ ಮೇಲೆ ಬಂದು ಮಡಿಕೆ ಸರಿಮಾಡಿ ಇಳಿದರು. ಗುಂಪಿನ ಫೋಟೋಗಳಲ್ಲಿ ಎಲ್ಲರೂ ಲೆನ್ಸ್ ನೋಡುತ್ತಿದ್ದರೆ ಅವರು ಮಗಳ ಕೊರಳನ್ನು ನೋಡುತ್ತಿದ್ದರು. ಅಕ್ಕಾ ಇಲ್ಲಿ ನೋಡಿ ಎಂದು ಎಂದಿನಂತೆ ಕೂಗಲು ನನಗೆ ಧೈರ್ಯ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಊರಿಗೆ ರೈಲು. ಫೋಟೋಗಳ ಒಂದು ಪ್ರತಿಯನ್ನು ಕೊಟ್ಟು ಹೋಗಲು ಆಟೋದಲ್ಲಿ ಅವರ ಮನೆಗೆ ಹೋದೆ. ಮದುಮಕ್ಕಳು ಒಳಗೆ ಮಲಗಿದ್ದರು. ವಾರಿಜಕ್ಕ ಗೇಟಿನವರೆಗೆ ಬಂದರು. ರಾತ್ರಿ ನಿದ್ದೆ ಬಂದಿರಲಿಲ್ಲವೆಂದು ಮುಖ ಹೇಳುತ್ತಿತ್ತು. ಪ್ರತಿಯನ್ನು ತೆಗೆದುಕೊಂಡು, ತಾಳಿಯ ಹೊತ್ತಿನದು ಎಲ್ಲವೂ ಇದರಲ್ಲಿ ಉಂಟಾ ಎಂದು ಕೇಳಿದರು.

"ಒಂದು ಬಿಟ್ಟು," ಎಂದೆ.

ಅದು ನಂಗೆ ಬೇಡ ಎಂದರು. ಬೊಜ್ಜ ಯಾವತ್ತು ಎಂದು ಕೇಳಿದರು. ಗುರುವಾರ ಎಂದೆ.

"ಬುಧವಾರದ ರೈಲಿಗೆ ಬರ್ತೇನೆ. ಅಪ್ಪನನ್ನು ನೋಡ್ಬೇಕು. ನಯನಾಳನ್ನು ಕರ್ಕೊಂಡು ಬರುವುದಿಲ್ಲ."

ಆಟೋ ಹತ್ತಿದೆ. ಓಣಿಯ ತಿರುವಿನಲ್ಲಿ ಹಿಂದೆ ನೋಡಿದೆ. ವಾರಿಜಕ್ಕ ಗೇಟಿನ ಪಕ್ಕದ ನಲ್ಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಕಾಲು ತೊಳೆದುಕೊಳ್ಳುತ್ತಿದ್ದರು. ಒಂದು ಕಾಲು, ಆಮೇಲೆ ಇನ್ನೊಂದು. ಮತ್ತೆ ಮೊದಲಿನದು. ಅವರು ಒಳಗೆ ಹೋಗುವುದು ಕಾಣುವ ಮೊದಲೇ ಆಟೋ ತಿರುಗಿತು.