ರೆಪ್ಪೆ ಎತ್ತಲಾಗದ ವರ್ಷ

ತೊಂಬತ್ತರ ದಶಕದ ಕೊನೆಯ ಮಾತು. ನಾನು ಟಿ. ನರಸೀಪುರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಮನೆ ನಂಜನಗೂಡಿನಲ್ಲಿ. ಬೆಳಗ್ಗೆ ಎಂಟರ ಬಸ್ಸು ಹತ್ತಿದರೆ ಸಂಜೆ ಐದೂವರೆ ಆರಕ್ಕೆ ವಾಪಸ್ಸು. ಮನೆಯಲ್ಲಿ ಅತ್ತೆ, ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ ನನ್ನ ಗಂಡ, ಮದುವೆ ವಯಸ್ಸಿಗೆ ಬಂದಿದ್ದ ನಾದಿನಿ. ನನಗಾಗ ಮೂವತ್ತೊಂದು. ಅಲ್ಲಿಯವರೆಗೆ ಜ್ವರ ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಕಂಡವಳಲ್ಲ.

ಶುರುವಾದದ್ದು ಹಾಜರಿ ಪುಸ್ತಕದಿಂದ. ಕೊನೆಯ ಪೀರಿಯಡ್ಡಿನಲ್ಲಿ ಹೆಸರು ಕರೆಯುವಾಗ ಒಂದೊಂದು ಹೆಸರೂ ಎರಡೆರಡಾಗಿ ಕಂಡಿತು, ಒಂದರ ಮೇಲೊಂದು, ಸ್ವಲ್ಪ ಓರೆಯಾಗಿ. ಕಣ್ಣುಜ್ಜಿಕೊಂಡೆ. ಮರುದಿನ ಬೆಳಗ್ಗೆ ಎಲ್ಲ ಸರಿಯಾಗಿತ್ತು. ಸಂಜೆ ಮತ್ತೆ ಅದೇ. ಕನ್ನಡಕದಂಗಡಿಯವನ ಮಾತು ಕೇಳಿ ಕನ್ನಡಕ ಹಾಕಿಸಿಕೊಂಡೆ. ಎರಡೆರಡು ಹೆಸರು ಇನ್ನೂ ಸ್ಪಷ್ಟವಾಗಿ ಕಂಡವು, ಅಷ್ಟೇ.

ಆಮೇಲೆ ಎಡಗಣ್ಣಿನ ರೆಪ್ಪೆ ಇಳಿಯತೊಡಗಿತು. ಪಾಠ ಮಾಡುತ್ತಾ ಮಾಡುತ್ತಾ ಮಾತು ಮೂಗಿನಿಂದ ಬರುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯರು ನಗುವುದು ಕೇಳುತ್ತಿತ್ತು. ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ಕೈ ಎತ್ತಿದರೆ ನಾಲ್ಕು ಸಾಲಿಗೆ ತೋಳು ಸೋತು ಕೆಳಗೆ ಬೀಳುತ್ತಿತ್ತು. ನೋವಿಲ್ಲ, ಜೋಮಿಲ್ಲ, ಸುಮ್ಮನೆ ಸೋಲು. ರಾತ್ರಿ ಊಟಕ್ಕೆ ಕೂತರೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮುದ್ದೆಯನ್ನು ಅಗಿಯುವ ರೂಢಿ ನಮ್ಮಲ್ಲಿಲ್ಲ, ನುಂಗಬೇಕು. ನುಂಗಲು ಹೋಗಿ ಒಂದು ದಿನ ಸಾರು ಮೂಗಿನಲ್ಲಿ ಬಂತು. ನಾದಿನಿ ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ನನ್ನನ್ನು ಅಪರಾಧಿ ಮಾಡಿದ್ದು ಕಾಯಿಲೆಯಲ್ಲ, ಅದು ಬಂದು ಹೋಗುತ್ತಿದ್ದ ರೀತಿ. ಬೆಳಗ್ಗೆ ಎದ್ದಾಗ ನಾನು ಎಲ್ಲರ ಹಾಗೆ ಇರುತ್ತಿದ್ದೆ. ಬೀಸುಕಲ್ಲು ತಿರುಗಿಸು ಅಂದರೂ ತಿರುಗಿಸುವಷ್ಟು ಕಸುವು. ಹೊತ್ತು ಏರಿದಂತೆ ಅದು ಸೋರಿ ಹೋಗುತ್ತಿತ್ತು. ಅತ್ತೆ ಹೆಮ್ಮರಗಾಲದ ಕಡೆಯ ಒಕ್ಕಲು ಮನೆಯಿಂದ ಬಂದವರು. ಸೋಮಾರಿತನವನ್ನು ಮಾತ್ರ ಸಹಿಸುತ್ತಿರಲಿಲ್ಲ.

"ಕಾಲೇಜಿಗೆ ಓಗೋವಾಗ ಜಿಂಕೆ ಅಂಗೆ ಓಯ್ತೀಯ, ಮನೆ ಕೆಲ್ಸ ಅಂದ್ರೆ ಕೈ ಬೀಳ್ತವೆ. ಇದ್ಯಾವ ಕಾಯ್ಲೆ ಕಣವ್ವಾ, ಗಂಟೆ ನೋಡ್ಕೊಂಡು ಬರೋದು?" ಅಂದರು.

ಉತ್ತರ ಹೇಳಲು ಹೋದರೆ ಮಾತು ಗೊಣಗೊಣ ಆಗುತ್ತಿತ್ತು. ಅದೂ ಒಂದು ನಾಟಕವಾಗಿ ಕಾಣುತ್ತಿತ್ತೋ ಏನೋ.

ಆ ಬೇಸಿಗೆಯಲ್ಲಿ ನಾದಿನಿಯನ್ನು ನೋಡಲು ಬನ್ನೂರಿನಿಂದ ಗಂಡಿನ ಕಡೆಯವರು ಬಂದರು. ಮಧ್ಯಾಹ್ನ ಮೂರು ಗಂಟೆ. ಬೆಳಗಿನಿಂದ ನಿಂತು ಉಪ್ಪಿಟ್ಟು, ಕೇಸರಿಬಾತು ಮಾಡಿದ್ದೆ. ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದಾಗ ಗಂಡಿನ ತಾಯಿ ನನ್ನನ್ನು ನೋಡಿ ವಿಶ್ವಾಸದಿಂದ ನಕ್ಕರು. ನಾನೂ ನಕ್ಕೆ. ನಕ್ಕೆ ಅಂದುಕೊಂಡೆ. ತುಟಿಯ ಎರಡು ಅಂಚು ಏಳಲಿಲ್ಲ, ಮೇಲ್ದುಟಿ ಮಾತ್ರ ನಡುವೆ ಎದ್ದು ಹಲ್ಲು ಕಂಡವು. ಎದುರಿನ ಗೋಡೆಯ ಕನ್ನಡಿಯಲ್ಲಿ ನನಗೇ ಅದು ಕಂಡಿತು. ನಾಯಿ ಗುರುಗುಟ್ಟುವಾಗ ಕಾಣುವ ಮುಖ. ಆಕೆಯ ನಗು ಅಲ್ಲೇ ನಿಂತಿತು. ಕಾಫಿ ಮುಟ್ಟಲಿಲ್ಲ.

ಸಂಬಂಧ ಕೂಡಲಿಲ್ಲ. ಕಾರಣ ಏನೇನು ಇತ್ತೋ, ನಮ್ಮ ಮನೆಗೆ ಬಂದು ಮುಟ್ಟಿದ ಮಾತು ಒಂದೇ: ಆ ಮನೆ ಸೊಸೆ ನಮ್ಮನ್ನು ಕಂಡು ಮೂತಿ ತಿರುವಿದಳು. ನಾದಿನಿ ನನ್ನ ಜೊತೆ ಮಾತು ಬಿಟ್ಟಳು. ಗಂಡ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಸ್ವಲ್ಪ ದಿನ ರಜ ಹಾಕು, ಮನೇಲೇ ಇರು, ಯಾರ ಮುಂದೆನೂ ಬರಬೇಡ" ಅಂದರು.

ಹೀಗೆ ನಾನು ಹಿಂದಿನ ಕೋಣೆ ಸೇರಿದೆ. ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ನಂಟರು ಬಂದರೆ ಬಾಗಿಲು ಮುಂದಕ್ಕೆ ಮಾಡುತ್ತಿದ್ದರು. ಊರಿನ ಒಬ್ಬ ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಹೊರಗೆ ನನ್ನ ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತು: "ಮದುವೆಯಾಗಿ ಆರು ವರ್ಷ ಆಯ್ತು, ಮಕ್ಕಳಿಲ್ಲ. ಮನಸ್ಸಿನಲ್ಲಿ ಕೊರಗು. ನಿದ್ದೆ ಚೆನ್ನಾಗಿ ಬಂದರೆ ಸರಿಹೋಗ್ತಾರೆ." ನಿದ್ದೆಯ ಮಾತ್ರೆ ಬರೆದುಕೊಟ್ಟರು. ಅದನ್ನು ತೆಗೆದುಕೊಂಡ ಮೇಲೆ ಬೆಳಗಿನ ಕಸುವೂ ಹೋಯಿತು. ಎಚ್ಚರವಿರುತ್ತಿತ್ತು, ಎಲ್ಲ ಕೇಳಿಸುತ್ತಿತ್ತು. ಹಾಲಿನವನ ಕೂಗು, ಕುಕ್ಕರಿನ ಸೀಟಿ, ಅತ್ತೆ ಓದಿಕೊಳ್ಳುವ ವಚನ. ಕುತ್ತಿಗೆ ಎತ್ತೋಣವೆಂದರೆ ಅದು ಇನ್ಯಾರದೋ ಕುತ್ತಿಗೆ. ಒಳಗೆ ನಾನು ಪೂರ್ತಿ ಇದ್ದೇನೆ, ಹೊರಗೆ ಬರಲು ದಾರಿಯಿಲ್ಲ. ಹಾಗೆ ಎಷ್ಟು ದಿನ ಮಲಗಿದ್ದೆನೋ ಲೆಕ್ಕ ಇಡಲಿಲ್ಲ.

ಒಂದು ಸೋಮವಾರ, ಹನ್ನೊಂದು ಗಂಟೆ ಸುಮಾರಿಗೆ, ತಲೆಗೆ ಸ್ನಾನ ಮಾಡಲು ಬಚ್ಚಲುಮನೆಗೆ ಹೋದೆ. ಹಂಡೆಯಲ್ಲಿ ನೀರು ಕುದಿಯುವ ಹಾಗೆ ಕಾದಿತ್ತು. ಬಿಸಿನೀರು ಮೈಮೇಲೆ ಬಿದ್ದಾಗ ಹಾಯೆನಿಸಿತು. ಐದು ನಿಮಿಷ ಕಳೆಯುವಷ್ಟರಲ್ಲಿ ಒಂದು ಚೊಂಬು ನೀರೂ ಎತ್ತಲಾಗಲಿಲ್ಲ. ಸೀರೆಯನ್ನು ಹೇಗೋ ಮೈಗೆ ಸುತ್ತಿಕೊಂಡು ಬಾಗಿಲ ಬಳಿ ಬಂದೆ. ಚಿಲಕ ಇದ್ದದ್ದು ಮೇಲೆ, ತಲೆಯ ಮಟ್ಟದಲ್ಲಿ. ಬಲಗೈಯನ್ನು ಎಡಗೈಯಿಂದ ಹಿಡಿದು ಎತ್ತಿದೆ. ಭುಜದವರೆಗೆ ಬಂತು, ಬಿತ್ತು. ಮತ್ತೆ ಎತ್ತಿದೆ. ಕಾಲು ಕುಸಿಯಿತು. ಬೀಳುವಾಗ ಹಂಡೆಯ ಒಲೆಯ ಕಟ್ಟೆ ಎಡಹುಬ್ಬಿಗೆ ಬಡಿಯಿತು.

ಕೂಗಿದೆ. ಬಂದದ್ದು ಉಸಿರು ಮಾತ್ರ. ಬಾಗಿಲಿನ ಆಚೆ ಮೂರು ಮಾರು ದೂರದಲ್ಲಿ ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರದ ಸದ್ದು ಕೇಳುತ್ತಿತ್ತು. ಅತ್ತೆ ಅಂತ ಬಾಯಿ ಆಡಿಸಿದೆ, ಶಬ್ದ ಮೂಗಿನಲ್ಲೇ ಸತ್ತುಹೋಯಿತು. ಚೊಂಬನ್ನು ಕಾಲಿನಿಂದ ತಳ್ಳಿದೆ, ಅದು ಉರುಳಿ ಟಣ್ಣೆಂದಿತು. ಅತ್ತೆ ಒಳಗೆ ಕೆಲಸ ನಡೆದಿದೆ ಅಂದುಕೊಂಡಿರಬೇಕು. ಆವಿಯಲ್ಲಿ ಉಸಿರು ಮೇಲ್ಮೇಲೆ ಬರತೊಡಗಿತು. ಸಾಯುವುದು ಅಂದರೆ ಇಷ್ಟು ಮೌನವಾಗಿ, ಮನೆಯವರು ಅಕ್ಕಿ ಆರಿಸುತ್ತಿರುವಾಗಲೇ ಆಗುತ್ತದೆಯೇನೋ ಅನ್ನಿಸಿತು.

ಬಹಳ ಹೊತ್ತಾದ ಮೇಲೆ ಅತ್ತೆ ಬಾಗಿಲು ಬಡಿದರು. "ಏನವ್ವಾ, ಒಳಗೇ ಕುಂತ್ಕಂಡು ಸಿಟ್ಟು ಮಾಡ್ತಿದ್ದೀಯಾ? ಬಾಗ್ಲು ತೆಗಿ." ಮತ್ತೆ ಬಡಿದರು. ಮೂರನೆಯ ಸಲಕ್ಕೆ ಅವರ ದನಿ ಬದಲಾಯಿತು. ಅಂಗಡಿಯಿಂದ ಗಂಡ ಓಡಿ ಬಂದು ಬಾಗಿಲು ಒದ್ದು ಚಿಲಕ ಕಿತ್ತರು. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಮೈಮೇಲಿನ ನೀರು ತಣ್ಣಗಾಗಿತ್ತು, ನೆಲದ ಕಲ್ಲು ತಣ್ಣಗಿತ್ತು, ನನ್ನ ಮೈಯೂ ತಣ್ಣಗಾಗಿ ಕಸುವು ತಿರುಗಿ ಬಂದಿತ್ತು. ಬಾಗಿಲು ತೆರೆದಾಗ ನಾನು ಗೋಡೆ ಹಿಡಿದು ಎದ್ದು ನಿಂತೆ.

ಗಂಡ ನನ್ನ ಮುಖವನ್ನೇ ನೋಡಿದರು. "ಎದ್ದು ನಿಲ್ಲೋಕೆ ಆಗ್ತದಲ್ಲೇ. ಚಿಲಕ ತೆಗೆಯೋಕೆ ಆಗಲಿಲ್ವಾ?" ಅಂದರು.

ಬಚ್ಚಲಿನಿಂದ ಹೊರಗೆ ಬಂದೆ, ಅಷ್ಟೇ. ಬಿಡುಗಡೆ ಅನ್ನಿಸಲಿಲ್ಲ.

ಹುಬ್ಬಿನ ಮೇಲೆ ನಿಂಬೆಗಾತ್ರದ ಬಾವು ಎದ್ದಿತ್ತು. ಅತ್ತೆ ಫ್ರಿಜ್ಜಿನಿಂದ ಐಸು ತೆಗೆದು, ಸೆರಗಿನಲ್ಲಿ ಕಟ್ಟಿ, ಹುಬ್ಬು ಕಣ್ಣು ಸೇರಿಸಿ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಬಾವು ನೋಡಿದವರು ನೋಡುತ್ತಲೇ ಉಳಿದರು. ಯಾಕೆಂದು ನಾನು ಯೋಚಿಸಲಿಲ್ಲ. ಸಂಜೆ ಇನ್ನೊಮ್ಮೆ ಐಸು ತಂದರು. ಮರುದಿನವೂ ತಂದರು. ಮೂರನೆಯ ದಿನ ಬಾವು ಇಳಿದಿದ್ದರೂ ಮೊದಲು ನೀರಿನ ಬಟ್ಟೆ, ಆಮೇಲೆ ಐಸು ತಂದು ಇಟ್ಟರು. ನಾಲ್ಕನೆಯ ದಿನ ಮಗನನ್ನು ಕರೆದು ನನ್ನ ಮುಂದೆ ಕೂರಿಸಿದರು.

"ನೋಡು, ಈ ಕಣ್ಣು ಮುಚ್ಕೊಂಡದಲ್ವಾ? ಈಗ ನೋಡು." ಐಸು ಇಟ್ಟು, ತುಸು ಹೊತ್ತು ಹಿಡಿದು, ತೆಗೆದರು. ರೆಪ್ಪೆ ಎದ್ದಿತ್ತು. "ನಾಟಕ ಆಡೋಳಾದ್ರೆ ತನಗೆ ಬೇಕಾದಾಗ ಎತ್ತಾಳು. ಐಸಿಗೆ ಯಾಕ್ಲಾ ಏಳ್ತದೆ? ನಾಲ್ಕು ದಿನ್ದಿಂದ ನೋಡ್ತಾವ್ನಿ. ಬರೀ ನೀರ್ಬಟ್ಟೆಗೆ ಏಳಾಕಿಲ್ಲ, ಐಸಿಗೆ ಏಳ್ತದೆ. ಇದು ಮನಸ್ಸಿನ ಕಾಯ್ಲೆ ಅಲ್ಲ ಕಣ್ಲಾ. ಮೈಸೂರ್ಗೆ ಕರ್ಕೊಂಡೋಗು, ನಾನೂ ಬತ್ತೀನಿ."

ಓದು ಬರಹ ಅವರಿಗೆ ವಚನದ ಪುಸ್ತಕದ ಮಟ್ಟಿಗೆ ಮಾತ್ರ. ಎಂಟು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ನನ್ನ ಮೈಯನ್ನು ಪರೀಕ್ಷೆ ಮಾಡಿ ನೋಡಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ.

ಮೈಸೂರಿನಲ್ಲಿ ನರರೋಗದ ಡಾಕ್ಟರು ವಯಸ್ಸಾದವರು. ಎದುರಿಗೆ ಕೂತ ನನ್ನನ್ನು ಬಿಟ್ಟು ಅತ್ತೆಯ ಮಾತನ್ನೇ ಪೂರ್ತಿ ಕೇಳಿದರು. ಐಸಿನ ವಿಷಯ ಬಂದಾಗ ಪೆನ್ನು ಕೆಳಗಿಟ್ಟರು. ಒಂದರಿಂದ ನೂರರವರೆಗೆ ಜೋರಾಗಿ ಎಣಿಸಿ ಅಂದರು. ನಲವತ್ತರ ಹೊತ್ತಿಗೆ ಮಾತು ಮೂಗು ಸೇರಿತು. ಸೂರು ನೋಡಿ ಅಂದರು, ಒಂದು ನಿಮಿಷದಲ್ಲಿ ಎರಡೂ ರೆಪ್ಪೆ ಬಿದ್ದವು. ಆಮೇಲೆ ತೋಳಿಗೆ ಒಂದು ಇಂಜೆಕ್ಷನ್.

ಅದು ಕೆಲಸ ಮಾಡುವುದನ್ನು ಕಾಯುತ್ತಾ ಕೂತಾಗ ಕೇಳಿದರು. "ಬಯಾಲಜಿ ಮೇಡಂ ಅಲ್ವಾ ನೀವು? ಕೈ ಎತ್ತು ಅಂತ ಮೆದುಳು ಹೇಳಿದರೆ ಸ್ನಾಯುವಿಗೆ ಹೇಗೆ ಗೊತ್ತಾಗ್ತದೆ, ಹೇಳಿ."

ಪಾಠ ಒಪ್ಪಿಸುವ ಹಾಗೆ ಹೇಳಿದೆ. ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದು. ಸಂಜ್ಞೆ ಬಂದಾಗ ನರದ ತುದಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಆ ಸಂದಿಗೆ ಚೆಲ್ಲುತ್ತದೆ. ಸ್ನಾಯುಕೋಶದ ಹೊರಪೊರೆಯಲ್ಲಿ ಪ್ರೋಟೀನುಗಳು ನಾಟಿಕೊಂಡಿರುತ್ತವೆ. ರಾಸಾಯನಿಕ ಬಂದು ಅಂಟಿದರೆ ಆ ಪ್ರೋಟೀನು ತೆರೆದುಕೊಳ್ಳುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಸ್ನಾಯು ಸಂಕುಚಿಸುತ್ತದೆ.

"ಸರಿ. ನಿಮ್ಮ ನರ ಚೆನ್ನಾಗಿದೆ. ಸ್ನಾಯುವೂ ಚೆನ್ನಾಗಿದೆ. ಆ ಪೊರೆಯ ಪ್ರೋಟೀನುಗಳ ಮೇಲೆ ನಿಮ್ಮ ರಕ್ತವೇ ತಯಾರಿಸಿದ ಬೇರೆ ಪ್ರೋಟೀನುಗಳು ಹೋಗಿ ಕೂತಿವೆ. ರೋಗಾಣುವನ್ನು ಹಿಡಿಯಬೇಕಾದವು ಗುರುತು ತಪ್ಪಿ ಇವನ್ನು ಹಿಡಿದಿವೆ, ಎಷ್ಟನ್ನೋ ಹಾಳೂ ಮಾಡಿವೆ. ನರ ಮೊದಲಿಗೆ ಧಾರಾಳವಾಗಿ ಚೆಲ್ಲುತ್ತೆ, ಉಳಿದ ಸ್ವಲ್ಪ ಪ್ರೋಟೀನಿನಲ್ಲೇ ಕೆಲಸ ನಡೆಯುತ್ತೆ. ಪದೇ ಪದೇ ಕೆಲಸ ಮಾಡಿದರೆ ಚೆಲ್ಲುವುದು ಕಡಿಮೆಯಾಗುತ್ತೆ, ಸುದ್ದಿ ತಲುಪೋದಿಲ್ಲ. ಅದಕ್ಕೇ ಬೆಳಗ್ಗೆ ಸರಿ, ಸಂಜೆ ಇಲ್ಲ. ಮೈ ಬಿಸಿಯಾದರೆ ಆ ರಾಸಾಯನಿಕ ಬೇಗ ಒಡೆದು ಹೋಗುತ್ತೆ, ತಣ್ಣಗಿದ್ದರೆ ಹೋಗೋದಿಲ್ಲ. ನಿಮ್ಮ ಅತ್ತೆ ಕಂಡಿದ್ದು ಅದನ್ನೇ. ಈ ಇಂಜೆಕ್ಷನ್ನೂ ಅದು ಒಡೆಯದ ಹಾಗೆ ತಡೆಯುತ್ತೆ."

ಅವರು ಹೇಳಿ ಮುಗಿಸುವಾಗ ಎರಡಾಗಿ ಕಾಣುತ್ತಿದ್ದ ಕೋಣೆ ಒಂದಾಯಿತು. ಇಬ್ಬರು ಡಾಕ್ಟರು ಒಬ್ಬರಾದರು. ಎರಡೂ ರೆಪ್ಪೆ ಮೇಲೆ ಹೋದವು. ನಾನು ಕೈ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಹೆಸರು ಊರು ಹೇಳಿ ಅಂದರು, ನನ್ನ ದನಿ ನನಗೇ ಕೇಳಿ ಎಷ್ಟೋ ತಿಂಗಳಾಗಿತ್ತು. ಅತ್ತೆ ನನ್ನ ಗಲ್ಲ ಹಿಡಿದು, "ನಗವ್ವ ಒಂದ್ಸಲ" ಅಂದರು. ನಕ್ಕೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ಇಂಜೆಕ್ಷನ್ನಿನ ಗುಣ ಹೆಚ್ಚು ಹೊತ್ತು ಉಳಿಯುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ರಕ್ತ ಕೊಟ್ಟು, ಎಕ್ಸರೇ ಮುಗಿಸಿ, ಬಸ್‌ಸ್ಟಾಂಡಿಗೆ ಬರುವಷ್ಟರಲ್ಲಿ ಎಡರೆಪ್ಪೆ ತಿರುಗಿ ಇಳಿಯಿತು. ನಂಜನಗೂಡಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಸೆರೆಯಲ್ಲಿದ್ದವಳಿಗೆ ಅಂಗಳ ತೋರಿಸಿ ಮತ್ತೆ ಒಳಗೆ ಕಳಿಸಿದ ಹಾಗಿತ್ತು. ಗಂಡ ಪಕ್ಕದಲ್ಲಿ ಕೂತಿದ್ದರು. ಚಾಮುಂಡಿಬೆಟ್ಟ ದಾಟಿದ ಮೇಲೆ ನಿಧಾನವಾಗಿ, "ಬಚ್ಚಲಿನ ದಿನ ನಾನು ಹಾಗೆ ಕೇಳಬಾರದಿತ್ತು ಕಣೇ" ಅಂದರು. ಕೇಳಿಸಿತು. ಪರವಾಗಿಲ್ಲ ರೀ ಅನ್ನಲು ಬಾಯಿ ಬರಲಿಲ್ಲ, ಬಂದಿದ್ದರೂ ಅನ್ನುತ್ತಿದ್ದೆನೋ ಇಲ್ಲವೋ.

ಮಾತ್ರೆ ಶುರುವಾಯಿತು. ನಾಲ್ಕು ಗಂಟೆಗೊಂದು. ಮುಕ್ಕಾಲು ಗಂಟೆ ಮೊದಲು ನುಂಗಿದರೆ ಊಟ ಇಳಿಯುತ್ತಿತ್ತು. ಹದಿನೈದು ನಿಮಿಷ ತಡವಾದರೆ ಮಾತು ಮೂಗಿಗೆ ಹೋಗುತ್ತಿತ್ತು. ಮದುವೆ, ಬಸ್ಸು, ಪರೀಕ್ಷೆಯ ಕೋಣೆ, ಎಲ್ಲಿ ಹೋದರೂ ಗಡಿಯಾರ ನೋಡಬೇಕು. ಸ್ಟೀರಾಯ್ಡಿನಿಂದ ಮುಖ ಊದಿತು. ಎರಡು ಸಾವಿರದ ಇಸವಿಯ ನಂತರ ಬೆಂಗಳೂರಿನಲ್ಲಿ ಎದೆ ಸೀಳಿ, ರಕ್ತಕ್ಕೆ ಆ ತಪ್ಪು ಗುರುತು ಕಲಿಸುವ, ಎದೆಮೂಳೆಯ ಹಿಂದಿನ ಗ್ರಂಥಿಯೊಂದನ್ನು ತೆಗೆದರು. ಆಮೇಲೆ ನಿಧಾನವಾಗಿ ಮಾತ್ರೆ ಕಡಿಮೆಯಾದವು, ನಿಲ್ಲಲಿಲ್ಲ. ಕಾಲೇಜಿನಲ್ಲಿ ಬೆಳಗಿನ ಎರಡು ಪೀರಿಯಡ್ ಮಾತ್ರ ಕೊಟ್ಟರು. ನಾದಿನಿಗೆ ಹುಲ್ಲಹಳ್ಳಿಯಲ್ಲಿ ಮದುವೆಯಾಯಿತು. ಹೊರಡುವ ದಿನ ನನ್ನ ಕೈ ಹಿಡಿದುಕೊಂಡಳು.

ಮೂರು ನಾಲ್ಕು ವರ್ಷ ಕಳೆದ ಮೇಲೆ ಮೈಸೂರಿನ ಅದೇ ಡಾಕ್ಟರು ಇದೇ ಕಾಯಿಲೆಯ ಒಬ್ಬ ಹೆಂಗಸನ್ನು ನಮ್ಮ ಮನೆಗೆ ಕಳಿಸಿದರು. ನರಸೀಪುರದ ಕಡೆಯ ಹಳ್ಳಿಯವಳು, ಇಪ್ಪತ್ತೈದು ದಾಟಿರಲಿಲ್ಲ. ಗಂಡನೂ ಬಂದಿದ್ದ. ಅವಳ ಎರಡೂ ರೆಪ್ಪೆ ಅರ್ಧಕ್ಕೆ ಬಿದ್ದಿದ್ದವು, ನನ್ನನ್ನು ನೋಡಲು ತಲೆ ಹಿಂದಕ್ಕೆ ಬಾಗಿಸಿ ಕೂತಿದ್ದಳು.

"ಮಾತ್ರೆ ನುಂಗಿದ್ರೆ ಸರಿ ಓಯ್ತಾಳೆ ಮೇಡಂ, ಗದ್ದೆಗೆ ಕರೆದ್ರೆ ಮತ್ತೆ ಇಂಗೆ. ಅದ್ಕೆ ಮಾತ್ರೆ ನಿಲ್ಸಿ ನೋಡಾನ ಅಂತ" ಅಂದ ಅವನು. ಕೆಟ್ಟವನಂತೆ ಕಾಣಲಿಲ್ಲ. ದಣಿದಿದ್ದ.

"ನಿಲ್ಲಿಸಬೇಡಿ, ಉಸಿರೇ ನಿಂತುಹೋಗುತ್ತದೆ" ಅಂದೆ. ಹಾಳೆ ತೆಗೆದು ನರ, ಸಂದು, ಪೊರೆ ಬರೆದೆ. ಪ್ರೋಟೀನುಗಳನ್ನು ಬರೆದು, ಅವುಗಳ ಮೇಲೆ ಕೂತವನ್ನು ಬರೆದೆ. ಅತ್ತೆ ಪಕ್ಕದಲ್ಲೇ ಕೂತು, "ಇವಳನ್ನೂ ನಾನು ಸೋಮಾರಿ ಅಂತ ಬೈದೋಳೇ ಕಣಪ್ಪಾ, ನನ್ ಮಾತು ಕೇಳು" ಅಂದರು. ಅವನು ಹಾಳೆಯನ್ನು ಬಹಳ ಹೊತ್ತು ನೋಡಿ, ಮಡಿಸಿ ಜೇಬಿಗೆ ಇಟ್ಟುಕೊಂಡ. ಆಯ್ತು ಮೇಡಂ ಅಂದ. ನಂಬಿದನೋ ಇಲ್ಲವೋ ಅವನ ಮುಖದಲ್ಲಿ ಗೊತ್ತಾಗಲಿಲ್ಲ.

ಹೊಸ್ತಿಲು ದಾಟುವಾಗ ಅವಳು ನನ್ನ ಸೆರಗು ಹಿಡಿದು ಏನೋ ಹೇಳಿದಳು. ಮೂಗಿನ ಮಾತು, ಎರಡು ಸಲ ಕೇಳಿದರೂ ನನಗೆ ತಿಳಿಯಲಿಲ್ಲ. ನನ್ನ ಮಾತು ಬೇರೆಯವರಿಗೆ ಹೇಗೆ ಕೇಳಿಸುತ್ತಿತ್ತು ಅನ್ನುವುದು ಆಗ ಗೊತ್ತಾಯಿತು. ಅವಳ ಗಂಡ ಬಸ್ಸಿಗೆ ಹೊತ್ತಾಯಿತೆಂದು ಕರೆದ, ಹೋದಳು. ಯಾವ ಹಳ್ಳಿ, ಯಾರ ಮನೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು. ಕೇಳಲಿಲ್ಲ. ಡಾಕ್ಟರ ಹತ್ತಿರ ವಿಚಾರಿಸಿದಾಗ, ಆಮೇಲೆ ಅವಳು ಅವರಲ್ಲಿಗೂ ಬರಲಿಲ್ಲವೆಂದು ತಿಳಿಯಿತು.