ನನ್ನ ಫಿಲ್ಟರ್‌ಗೆ ಕೈಹಾಕಿದವರು

ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನಿನ ಕೊಳೆಯಿಂದ ಆಗುವ ನೈಟ್ರೇಟ್ ಏರಿ, ಕಿತ್ತಳೆ ಬಣ್ಣದ ಮೀನು ಮೇವು ಬಿಟ್ಟು ಮೂಲೆ ಸೇರಿತ್ತು. ತೆಂಗಿನ ತೋಟದಲ್ಲಿ ಮಿಕ್ಕಿದ್ದ ಸಣ್ಣ ಡ್ರಿಪ್ ಪೈಪನ್ನು ಸುರುಳಿ ಸುತ್ತಿ ನಾನೇ ಫಿಲ್ಟರ್ ಮಾಡಿದೆ. ಅದರೊಳಗೆ ನೀರು ತೀರಾ ನಿಧಾನವಾಗಿ ಹರಿದರೆ ಬ್ಯಾಕ್ಟೀರಿಯಾ ಬೆಳೆದು ನೈಟ್ರೇಟನ್ನು ತಿಂದುಹಾಕುತ್ತವೆ. ವಾರಗಟ್ಟಲೆ ಪೇಷನ್ಸ್‌ನಿಂದ ಕಾದೆ. ಕೊನೆಗೊಂದು ದಿನ ಮೀನು ಮೇವಿಗೆ ಬಾಯಿ ಹಾಕಿತು.

ಮಾಯಸಂದ್ರದಲ್ಲಿ ನೆಂಟರ ಮದುವೆ ಮುಗಿಸಿ ಬಂದು ನೋಡಿದರೆ, ಪೈಪಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು.

"ಕಟ್ಕೊಂಡಿತ್ತು ಕಣೇ, ತೊಟ್ಟು ತೊಟ್ಟು ಬೀಳ್ತಿತ್ತು. ಬಿಚ್ಚಿ, ಬೋರ್ ನೀರು ಬುಟ್ಟು ತೊಳ್ದೆ," ಎಂದರು ನಮ್ಮ ಯಜಮಾನರು. ತೋಟದ ಡ್ರಿಪ್ ಲೈನಿಗೆ ಅವರು ಮಾಡುವುದೂ ಅದನ್ನೇ.

"ತೊಟ್ಟು ತೊಟ್ಟು ಬೀಳ್ಲಿ ಅಂತಾನೇ ಮಾಡಿದ್ದು ಕಣ್ರೀ! ಬೆಳೆಸಿದ್ದ ಬ್ಯಾಕ್ಟೀರಿಯಾನೆಲ್ಲಾ ತೊಳ್ದು ಚರಂಡಿಗೆ ಬುಟ್ರಲ್ಲ!"

"ಹೆಲ್ಪ್ ಮಾಡಿದ್ರೂ ಬೈತೀಯಲ್ಲೇ."

"ಹೂ ಆಸ್ಕ್ಡ್ ಯು?"

ನನ್ನ ಹೊಲಿಗೆ ಮಿಷನ್, ನನ್ನ ರೇಡಿಯೊ, ಎಲ್ಲವನ್ನೂ ಹೀಗೇ ಕೇಳದೆ ರಿಪೇರಿ ಮಾಡಿ ಕೆಡಿಸಿದವರು ಇವರು. ಓದುವಾಗ ಕಾನ್ವೆಂಟಿನ ಲ್ಯಾಬಿನಲ್ಲಿ ನನ್ನ ಎಕ್ಸ್‌ಪೆರಿಮೆಂಟನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮತ್ತೆ ಮೊದಲಿನಿಂದ ಶುರುಮಾಡಿದ್ದೇನೆ. ಫಿಲ್ಟರಿಗೆ ನೀರು ಬಿಡುವ ವಾಲ್ವಿನ ಹಿಡಿಯನ್ನು ಬಿಚ್ಚಿ, ಅವರ ಕೈಗೆ ಸಿಗದ ಹಾಗೆ ಸೀರೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬ್ಯಾಕ್ಟೀರಿಯಾ ಮತ್ತೆ ಬೆಳೆಯುವವರೆಗೆ ಆ ಮೀನು ತಡೆದೀತೇ, ಗೊತ್ತಿಲ್ಲ.